ಕೆಂಗೇರಿಗೆ ಬಂದ ದೋಣಿ

ಕೆಂಗೇರಿಯ ಮುನಿತಾಯಮ್ಮ ಸಂಜೆ ಜಗಲಿಯ ಮೇಲೆ ಅವರೆಕಾಯಿ ಸುಲಿಯಲು ಕೂತರೆ ಅರ್ಧ ಬೀದಿ ಬಂದು ಕೈ ಜೋಡಿಸುತ್ತಿತ್ತು. ಆ ದಿನ ಉಳಿದರ್ಧವೂ ಬಂದಿತ್ತು. ಅಜ್ಜಿಯೇ ಮನೆಮನೆಗೆ ಹೋಗಿ ಕರೆದಿದ್ದಳು. "ನಮ್ ದಿವ್ಯ ಕಾಲೇಜಿಗೆ ನನ್ ಕಥೆ ಬರ್ದವ್ಳೆ. ಸಾಯಂಕಾಲ ಓದ್ತಾಳೆ, ಬನ್ನಿ."

ಮನೆಯ ಹಿರಿಯರು ಮದುವೆಯಾಗಿ ಬಂದ ಕಥೆ ಕೇಳಿ ಬರೆಯಿರಿ ಎಂದು ಇಂಗ್ಲಿಷ್ ಮೇಷ್ಟರು ಹೇಳಿದ್ದರು. ಅಂದಿನಿಂದ ಅಜ್ಜಿ ಎಲೆ ಅಡಿಕೆ ಹಾಕಿಕೊಂಡು, ಗಂಟಲು ಸರಿಮಾಡಿಕೊಂಡು ಕಾದದ್ದೇ ಕಾದದ್ದು. ಮೊಮ್ಮಗಳದ್ದು ಒಂದೇ ಮಾತು, "ಆಮೇಲೆ ಅಜ್ಜಿ." ನಾಳೆ ಕೊಡಬೇಕು ಎನ್ನುವಾಗ ದಿವ್ಯ ಸೈಬರ್ ಸೆಂಟರಿಗೆ ಓಡಿದಳು. ಯಾರೋ ತಮ್ಮ ಅಜ್ಜಿಯ ಬಗ್ಗೆ ಬರೆದದ್ದನ್ನು ಇಂಟರ್ನೆಟ್ಟಿನಿಂದ ಇಳಿಸಿ, ತನ್ನ ಹೆಸರು ಹಾಕಿ ಪ್ರಿಂಟ್ ತೆಗೆಸಿದಳು. ಓದಿಯೂ ನೋಡಲಿಲ್ಲ. ಹಾಳೆ ಕಂಡ ಅಜ್ಜಿ, ತಾನು ಎಂದೋ ಹೇಳಿದ್ದನ್ನೇ ನೆನಪಿಟ್ಟು ಬರೆದಿದ್ದಾಳೆ ಎಂದುಕೊಂಡಳು.

"ಇಂಗ್ಲಿಷಲ್ಲಿದೆ ಅಜ್ಜಿ, ನಿಂಗೆ ಅರ್ಥ ಆಗಲ್ಲ."

"ಕನ್ನಡದಲ್ಲಿ ಹೇಳು. ಎಲ್ಲಾರೂ ಬಂದವ್ರೆ."

ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ದಿವ್ಯ ತಡವರಿಸುತ್ತ ಶುರುಮಾಡಿದಳು. "ಮದ್ವೆ ಆದ ದಿನ ನಮ್ಮಜ್ಜಿ ಗಂಡನ್ ಮನೆಗೆ... ದೋಣೀಲಿ ಬಂದ್ಲು."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಅವರೆಕಾಯಿ ಸುಲಿಯುತ್ತಿದ್ದ ಕೈಗಳೆಲ್ಲ ನಿಂತವು.

ಎದುರುಮನೆಗೆ ಬಾಡಿಗೆಗೆ ಬಂದಿದ್ದ ಗದಗಿನ ಶಂಕ್ರವ್ವ ಹುಬ್ಬೇರಿಸಿದಳು. "ಕೆಂಗೇರಿಗೆ ದೋಣಿ ಎಲ್ಲಿಂದ ಬಂತ್ರಿ ಅಜ್ಜಿ?"

ಅಜ್ಜಿ ಮೊಮ್ಮಗಳ ಮುಖ ನೋಡಿದಳು. ಅಜ್ಜಿಗೆ ಎಲ್ಲ ಗೊತ್ತಾಗಿಹೋಯಿತೆಂದು ದಿವ್ಯಳಿಗೂ ಗೊತ್ತಾಯಿತು.

"ದೋಣೀನೇ ಕಣವ್ವ," ಎಂದಳು ಅಜ್ಜಿ. "ಆಗ ಕೆರೆ ಕೋಡಿ ಬಿದ್ರೆ ರೋಡ್ಯಾವ್ದು ನೀರ್ಯಾವ್ದು ಗೊತ್ತಾಯ್ತಿರ್ನಿಲ್ಲ. ನಡುನೀರಲ್ಲಿ ಒಂದು ಮೊಸಳೆ ಬಂತು. ನನ್ ತಾಳಿ ನೋಡಿ, ಹೊಸ ಮದುವಣಗಿತ್ತಿ ಅಂತ ದಾರಿ ಬಿಡ್ತು."

"ಅದಕ್ಕ ಅರಿಶಿಣ ಕುಂಕುಮ ಕೊಡಲಿಲ್ಲೇನ್ರಿ?"

"ಕೊಟ್ಟೆ. ಬಾಳೆಹಣ್ಣಿರ್ನಿಲ್ಲ, ಅದೊಂದೇ ಬೇಜಾರು."

ನಗುನಗುತ್ತಲೇ ಜನ ಎದ್ದು ಹೋದರು. ದಿವ್ಯ ಕೂತೇ ಇದ್ದಳು.

"ಯಾಕಜ್ಜಿ ಸುಳ್ಳು ಹೇಳ್ದೆ?"

"ಅಷ್ಟು ಜನದ ಮುಂದೆ ನಿನ್ ಮಕ ಸಣ್ಣಕ್ಕಾಯ್ತಲ್ಲ ಮಗ, ಅದ್ಕೇ ದೋಣಿ ಹತ್ಬುಟ್ಟೆ." ಅಜ್ಜಿ ಸಿಪ್ಪೆ ಒಟ್ಟುಮಾಡುತ್ತ ಮೆಲ್ಲಗೆ ಕೇಳಿದಳು, "ಆ ದೋಣಿ ಅಜ್ಜಿ ಯಾರಂತೆ? ಪಾಪ, ಚೆನ್ನಾಗವ್ಳಾ?"

ಬೈದಿದ್ದರೆ ದಿವ್ಯ ತಡೆದುಕೊಳ್ಳುತ್ತಿದ್ದಳು. ಈ ಮಾತಿಗೆ ಅವಳ ಕಣ್ಣು ತುಂಬಿತು. ಪ್ರಿಂಟ್ ಹಾಳೆಗಳನ್ನು ನೆಲಕ್ಕೆ ಹರವಿ ಅವರೆ ಸಿಪ್ಪೆಯನ್ನೆಲ್ಲ ಅವುಗಳ ಮೇಲೆ ಸುರಿದಳು.

"ನಾಳೆ ಕೊಡ್ಬೇಕಲ್ವಾ?"

"ಇನ್ನೊಂದಿನ ಟೈಮ್ ಕೇಳ್ತೀನಿ. ಮಾರ್ಕ್ಸ್ ಕಟ್ ಮಾಡಿದ್ರೆ ಮಾಡ್ಲಿ."

ಆಮೇಲೆ ಮೆಟ್ಟಿಲಿಗೆ ಬಂದು, ಬೀದಿಗೆಲ್ಲ ಕೇಳುವಂತೆ ಕೂಗಿದಳು. "ಶಂಕ್ರವ್ವಾಂಟಿ, ಆ ದೋಣಿ ಅಜ್ಜೀದಲ್ಲ. ನಾನು ಇಂಟರ್ನೆಟ್ಟಿಂದ ಕದ್ದಿದ್ದು. ನಿಜವಾದ್ದು ಈಗ ಹೇಳ್ತಾಳೆ, ಬನ್ನಿ."

"ಮೊಸಳಿ ಕಥಿ ಚಲೋ ಇತ್ತಲ್ಲವಾ," ಎನ್ನುತ್ತ ಶಂಕ್ರವ್ವ ಮತ್ತೆ ಬಂದು ಕೂತಳು. ದಿವ್ಯ ಪೆನ್ನು ಹಿಡಿದಳು. ಅಜ್ಜಿ ಗಂಟಲು ಸರಿಮಾಡಿಕೊಂಡಳು.

"ಬಂದಿದ್ದು ಎತ್ತಿನ ಗಾಡೀಲಿ. ಹಳ್ಳ ದಾಟೋವಾಗ ಚಕ್ರ ಹೂತೋಯ್ತು. ಗಂಡಸ್ರೆಲ್ಲ ನಿಂತ್ಕೊಂಡು ಮಾತಾಡ್ತಾವ್ರೆ. ನಾನೇ ಸೀರೆ ಎತ್ತಿ ಕಟ್ಕೊಂಡು ಇಳ್ದು ತಳ್ದೆ."

"ಇದ್ರಲ್ಲಿ ಮೊಸಳೆ ಇಲ್ವಾ ಅಜ್ಜಿ?"

"ಇಲ್ಲ. ನಿಮ್ ತಾತ ಇದ್ರು, ಬರ್ಕೊ."