ಮಂಡಕ್ಕಿ ಲಾರಿಯ ಅವಸರ

ದಾವಣಗೆರೆ ಹೊಸದಾಗಿ ಜಿಲ್ಲೆಯಾಗಿದ್ದ ಕಾಲ. ಅಮಾವಾಸ್ಯೆ ಹತ್ತಿರ ಬಂತೆಂದರೆ ಮಂಡಕ್ಕಿ ವ್ಯಾಪಾರಿ ಮುರುಗೇಶಪ್ಪನವರಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಉಕ್ಕಡಗಾತ್ರಿಗೆ ಕರಿಬಸವೇಶ್ವರನ ದರ್ಶನಕ್ಕೆ ಬಂದ ಜನ ಮಂಡಕ್ಕಿ ಇಲ್ಲದೆ ಬರಿಗೈಲಿ ಮರಳುತ್ತಾರೆಯೇ? ಆ ಮಂಡಕ್ಕಿ ಹೋಗುತ್ತಿದ್ದುದು ಇವರ ಅಂಗಡಿಯಿಂದ. "ಇನ್ನೂ ಮಾಲು ಬಂದಿಲ್ಲವಲ್ರೀ" ಎಂದು ಅಲ್ಲಿನ ಅಂಗಡಿಯವರು ಫೋನಿನ ಮೇಲೆ ಫೋನು ಮಾಡುವರು. ಇವರು ಆ ಸಿಟ್ಟನ್ನೆಲ್ಲ ಡ್ರೈವರುಗಳ ಮೇಲೆ ತೀರಿಸಿಕೊಳ್ಳುವರು.

ಹಾಗೆಂದು ಮುರುಗೇಶಪ್ಪನವರು ಕೆಟ್ಟವರಲ್ಲ. ಹಬ್ಬಕ್ಕೆ ಡ್ರೈವರುಗಳಿಗೆ ಬಟ್ಟೆ ಕೊಡುವವರು, ಮನೆಮಂದಿಯ ಹೆಸರು ಹಿಡಿದು ಯೋಗಕ್ಷೇಮ ಕೇಳುವವರು. ಆದರೆ ಅವರದೊಂದು ಪದ್ಧತಿ ಇತ್ತು. ಬಾಡಿಗೆ ಲಾರಿಗಳಲ್ಲಿ ಯಾವುದು ಮಾಲು ಇಳಿಸಿ ಮೊದಲು ವಾಪಸ್ ಬರುತ್ತದೋ ಮುಂದಿನ ಲೋಡು ಅದಕ್ಕೇ. ಹಿಂದೆ ಬಿದ್ದವನು ಕೈಕಟ್ಟಿ ಕೂರಬೇಕು. ಹೀಗಿದ್ದ ಮೇಲೆ ಹೆದ್ದಾರಿಯಲ್ಲಿ ನಿಧಾನ ಹೋಗುವ ಪುಣ್ಯಾತ್ಮ ಯಾರು?

ಆ ಲಾರಿಗಳಲ್ಲಿ ಒಂದನ್ನು ಉಚ್ಚೆಂಗಪ್ಪ ಓಡಿಸುತ್ತಿದ್ದ, ಇನ್ನೊಂದನ್ನು ನಿಂಗರಾಜು. ಉಚ್ಚೆಂಗಪ್ಪನ ಹೆಂಡತಿ ಕಮಲಕ್ಕ ಅದೇ ಅಂಗಡಿಯಲ್ಲಿ ಮಂಡಕ್ಕಿ ಚೀಲಗಳ ಬಾಯಿ ಹೊಲಿಯುತ್ತಿದ್ದಳು. ಹೆಂಡತಿ ಹೊಲಿದದ್ದನ್ನು ಗಂಡ ಸಾಗಿಸುವುದು, ಹೀಗೆ ಅವರ ಸಂಸಾರ ನಡೆದಿತ್ತು.

ಒಂದು ಬೆಳಿಗ್ಗೆ ಸರಸ್ವತಿ ನಗರದ ನರ್ಸ್ ಪ್ರೇಮಲತಾ ಮಂಡಕ್ಕಿ ಕೊಳ್ಳಲು ಬಂದರು. ಅಂಗಡಿಯ ಮುಂದೆ ಉಚ್ಚೆಂಗಪ್ಪನ ಲಾರಿ ಹೊರಡಲು ನಿಂತಿತ್ತು. ಚೀಲಗಳು ಕ್ಯಾಬಿನ್ನಿಗಿಂತ ಎಷ್ಟೋ ಮೇಲೆ ಏರಿದ್ದವು.

"ಇದೇನಣ್ಣಾ, ಲಾರಿನೋ ಗೋಪುರಾನೋ?" ಎಂದರು ಪ್ರೇಮಲತಾ.

"ಇದು ಮಂಡಕ್ಕಿ, ಸಿಸ್ಟರ್, ಕಬ್ಬಿಣ ಅಲ್ಲ! ಗಾಳಿ ಹೊತ್ಕೊಂಡು ಹೋಗೋ ಗಾಡಿ. ಎಷ್ಟು ಜೋರಾಗಿ ಓಡಿಸಿದ್ರೂ ಭಯ ಏನೈತೆ?" ಮುರುಗೇಶಪ್ಪನವರು ನಕ್ಕರು.

"ಮಂಡಕ್ಕಿ ಹಗುರ, ಸರಿ. ಲಾರಿ ಹಗುರ ಐತೇನು? ಎತ್ತರದ ಲೋಡಿಗೆ ಗಾಳಿ ಹೊಡೀತೈತೆ. ಜೋರಾಗಿ ಬಂದು ತಿರುವಿನಾಗೆ ಬ್ರೇಕ್ ಹಾಕಿದ್ರೆ ಹಿಂದಿನ ಗಾಲಿ ಜಾರ್ತಾವೆ. ನಮ್ಮ ಆಸ್ಪತ್ರೆಗೆ ಬರೋರನ್ನ ನಾ ದಿನಾ ನೋಡ್ತೀನಿ."

"ತಡ ಆದ್ರೆ ಅಮಾಸಿ ನನಗೋಸ್ಕರ ಕಾಯ್ತೈತಾ?"

"ನೀವೇ ಲೆಕ್ಕ ಹಾಕ್ರಿ. ಹರಿಹರ ಇಲ್ಲಿಂದ ಹದಿನಾಲ್ಕು ಕಿಲೋಮೀಟರ್. ಐವತ್ತರಾಗೆ ಹೋಗೋನಿಗೂ ಎಂಬತ್ತರಾಗೆ ಹೋಗೋನಿಗೂ ಆರೇಳು ನಿಮಿಷ ಫರಕು. ಹರಿಹರದಾಗೆ ಚಾ ಕುಡಿಯೋಕೆ ಅದಕ್ಕಿಂತ ಜಾಸ್ತಿ ಹೊತ್ತು ಹಿಡೀತೈತೆ."

ಉಚ್ಚೆಂಗಪ್ಪ ಕ್ಯಾಬಿನ್ನಿನಿಂದ ತಲೆ ಹೊರಗೆ ಹಾಕಿದ. "ಸಿಸ್ಟರ್ ಹೇಳೋದು ಖರೆ ಐತೆ ಸಾವ್ಕಾರ್ರೆ" ಎಂದು ಮುರುಗೇಶಪ್ಪನವರ ಮುಖ ನೋಡಿದ. ಅವರು ಒಂದು ಹೂಂ ಅಂದಿದ್ದರೆ ಸಾಕಿತ್ತು.

"ಹೊರಡಪ್ಪ, ಹೊರಡು. ನಿಂಗರಾಜು ಆಗ್ಲೇ ಹರಿಹರ ದಾಟಿರ್ತಾನೆ" ಎಂದರು ಅವರು.

ಲಾರಿ ಹೊರಟಿತು. ಹೆಚ್ಚು ಹೊತ್ತಾಗಿರಲಿಲ್ಲ, ಅಂಗಡಿಯ ಫೋನು ಬಡಿದುಕೊಂಡಿತು. ಹರಿಹರದ ಎಸ್‌ಟಿಡಿ ಬೂತಿನಿಂದ ಯಾರೋ ಮಾತಾಡುತ್ತಿದ್ದರು.

"ನಿಮ್ಮ ಮಂಡಕ್ಕಿ ಲಾರಿ ಮಗುಚೈತ್ರಿ. ತಿರುವಿನಾಗೆ ಟ್ರ್ಯಾಕ್ಟರ್ ಅಡ್ಡ ಬಂತು. ಲಾರಿ ಭಾಳ ಸ್ಪೀಡಿತ್ತು."

"ಮಾಲು ಹೆಂಗೈತೆ? ಚೀಲ ಒಡೆದಾವಾ?" ಎಂದುಬಿಟ್ಟರು ಮುರುಗೇಶಪ್ಪನವರು.

"ಮಾಲು ಹಾಳಾಗ್ಲಿ ಬಿಡ್ರಿ. ಡ್ರೈವರ್ ಹೋಗಿಬಿಟ್ಟ."

ಮುರುಗೇಶಪ್ಪನವರು ರಿಸೀವರ್ ಕೆಳಗಿಟ್ಟರು. ಅವರು ಕೇಳಿದ ಪ್ರಶ್ನೆಯನ್ನು ಎದುರಿಗೇ ಕೂತಿದ್ದ ಕಮಲಕ್ಕ ಕೇಳಿಸಿಕೊಂಡಿದ್ದಳು. ಉತ್ತರ ಅವರ ಮುಖದ ಮೇಲೇ ಇತ್ತು. ಅವಳ ದಬ್ಬಣ ಚೀಲದ ಬಾಯಲ್ಲೇ ನಿಂತುಹೋಯಿತು.

ಆ ತಿರುವಿನಲ್ಲಿ ನಲವತ್ತಕ್ಕಿಂತ ಜೋರಾಗಿ ಹೋಗಬೇಡಿ ಎಂಬ ಬೋರ್ಡು ಇತ್ತು. ಅದು ಹಾಗೇ ನಿಂತಿತ್ತು. ರಸ್ತೆಯ ಪಕ್ಕ ಉರುಳಿದ್ದ ಚೀಲಗಳಲ್ಲಿ ಹೆಚ್ಚಿನವು ಒಡೆದಿರಲಿಲ್ಲ. ಕಮಲಕ್ಕನ ಹೊಲಿಗೆ ಅಷ್ಟು ಗಟ್ಟಿ. ಉಕ್ಕಡಗಾತ್ರಿಯ ಅಮಾವಾಸ್ಯೆಯೇನು ನಿಲ್ಲಲಿಲ್ಲ, ಅಲ್ಲಿನ ಅಂಗಡಿಯವರು ಬೇರೆ ಕಡೆಯಿಂದ ಮಂಡಕ್ಕಿ ತರಿಸಿಕೊಂಡರು. ಯಾವ ಅವಸರಕ್ಕೆ ಒಂದು ಜೀವ ಹೋಯಿತೋ ಆ ಅವಸರ ಇಷ್ಟೇ ಆಗಿತ್ತು.

ಗಂಡನ ಕಾರ್ಯ ಮುಗಿಸಿ ಕಮಲಕ್ಕ ಕೆಲಸಕ್ಕೆ ಬಂದಳು. ಒಂದು ದಿನವೂ ಜಗಳವಾಡಲಿಲ್ಲ, ಒಂದು ಮಾತೂ ಆಡಲಿಲ್ಲ. ಫೋನು ಬಡಿದುಕೊಂಡಾಗಲೆಲ್ಲ ಅವಳ ದಬ್ಬಣ ನಿಲ್ಲುತ್ತಿತ್ತು, ಅಷ್ಟೇ. ಬೈದಿದ್ದರೆ ಮುರುಗೇಶಪ್ಪನವರು ತಡೆದುಕೊಳ್ಳುತ್ತಿದ್ದರೇನೋ. ಇದನ್ನು ತಡೆದುಕೊಳ್ಳಲಾಗಲಿಲ್ಲ. ತಾವೇ ಪ್ರೇಮಲತಾ ಅವರ ಮನೆಗೆ ಹೋದರು.

"ಸಿಸ್ಟರ್, ಅವತ್ತು ನಿಮ್ಮ ಮಾತು ಕೇಳಿದ್ದಿದ್ರೆ…"

"ಈಗ್ಲಾದ್ರೂ ಕೇಳ್ರಿ" ಎಂದರು ಪ್ರೇಮಲತಾ. "ಮೊದ್ಲು ಬಂದೋನಿಗೆ ಲೋಡು ಅನ್ನೋದು ಬಿಡ್ರಿ, ಸರದಿ ಪ್ರಕಾರ ಕೊಡ್ರಿ. ಚೀಲ ಅಷ್ಟೆತ್ತರ ಏರಿಸಬ್ಯಾಡ್ರಿ. ಮಾಲನ್ನ ಒಂದು ದಿನ ಮುಂಚೆ ಕಳಿಸ್ರಿ. ಬೋರ್ಡು ಎಷ್ಟು ಹೇಳ್ತೈತೋ ಅಷ್ಟರಾಗೆ ಓಡ್ಸು ಅಂತ ನೀವೇ ನಿಮ್ಮ ಬಾಯಾರೆ ಹೇಳ್ರಿ. ನೀವು ಹೇಳದೆ ಅವರಿಗೆ ಧೈರ್ಯ ಬರಾದಿಲ್ಲ."

ಮುರುಗೇಶಪ್ಪನವರು ಹಾಗೆಯೇ ಮಾಡಿದರು. ಉಕ್ಕಡಗಾತ್ರಿಯವರಿಗೂ ಫೋನು ಮಾಡಿ, ಇನ್ನು ಮೇಲೆ ನನ್ನ ಲಾರಿ ಓಡಿ ಬರುವುದಿಲ್ಲ ಎಂದು ತಿಳಿಸಿದರು.

ಮುಂದಿನ ಅಮಾವಾಸ್ಯೆಯ ಹಿಂದಿನ ದಿನ ಫೋನು ಬಡಿದುಕೊಂಡಿತು. ಕಮಲಕ್ಕನ ದಬ್ಬಣ ನಿಂತಿತು.

"ಸಾವ್ಕಾರ್ರೆ, ನಾನು ನಿಂಗರಾಜು, ಹರಿಹರದಿಂದ. ಗಾಳಿ ಜೋರೈತೆ ಅಂತ ನಿಧಾನ ಬಂದೆ, ತಡ ಆತು. ಮಾಲು…"

"ಮಾಲಿನ ಮಾತು ಬಿಡಪ್ಪ. ನೀ ಹೆಂಗಿದ್ದೀಯ? ಊಟ ಆತಾ?"

ಫೋನಿಟ್ಟ ಮೇಲೆ ಕಮಲಕ್ಕನ ಕಡೆ ನೋಡಲು ಅವರಿಗೆ ಧೈರ್ಯ ಸಾಲಲಿಲ್ಲ. "ಅವತ್ತೂ ಇದನ್ನೇ ಕೇಳಬೇಕಿತ್ತವ್ವ" ಎಂದರು ತಲೆ ತಗ್ಗಿಸಿ.

"ಫೋನ್ ಬಂದ ಮ್ಯಾಲೆ ಕೇಳಿದ್ರೂ ತಡ ಆಗಿರ್ತಿತ್ತು ಸಾವ್ಕಾರ್ರೆ" ಎಂದಳು ಕಮಲಕ್ಕ. "ಹೊರಡೋವಾಗ ಕೇಳಬೇಕಿತ್ತು."

ಅವಳು ಮತ್ತೆ ಚೀಲ ಹೊಲಿಯತೊಡಗಿದಳು.

ಬಂಧುಗಳೇ, ಲಾರಿ ಓಡಿಸುವವನ ಕಾಲು ಪೆಡಲಿನ ಮೇಲಿರುತ್ತದೆ, ನಿಜ. ಆದರೆ ಮಾಲು ಕಳಿಸುವ ನಿಮ್ಮ ಮಾತು, ಮಾಲಿಗಾಗಿ ಕಾಯುವ ನಿಮ್ಮ ಫೋನು ಆ ಕಾಲನ್ನು ಒತ್ತುತ್ತವೆ. ನಿಮ್ಮ ಅಂಗಡಿ ಮುಂದಿನಿಂದ ನಾಳೆ ಬೆಳಿಗ್ಗೆ ಒಂದು ಲಾರಿ ಹೊರಡಬಹುದು. ಬೇಗ ಹೋಗು ಅನ್ನಬೇಡಿ. "ತಡ ಆದ್ರೂ ಆಗ್ಲಿ, ನಿಧಾನ ಹೋಗಿ ಬಾರಪ್ಪ" ಅನ್ನಿ. ಅವನು ಹೊರಡುವ ಮೊದಲೇ ಅನ್ನಿ.