ಗೆರೆಯಿಲ್ಲದ ಹೆಬ್ಬೆಟ್ಟು

“ಸರಿಯಾಗಿ ಒತ್ತೇ! ಬೆರಣಿ ತಟ್ತಿದೀಯೇನು?”

ಮ್ಯಾನೇಜರ್ ಶಂಕರನಾರಾಯಣ ಹೀಗೆ ಬೈದಾಗ ಭದ್ರಾವತಿಯ ಆ ಬ್ಯಾಂಕಿನಲ್ಲಿ ಕುರ್ಚಿ ತುಂಬ ಜನ ಕೂತಿದ್ದರು. ಪುಟ್ಟಲಕ್ಷ್ಮಿ ಹೆಬ್ಬೆಟ್ಟನ್ನು ಸೆರಗಿಗೆ ಒರೆಸಿಕೊಂಡು ನಾಲ್ಕನೇ ಸಲ ಬೆರಳಚ್ಚಿನ ಮಿಷಿನ್ನಿನ ಮೇಲಿಟ್ಟಳು. ಅದು ಕೆಂಪು ದೀಪ ತೋರಿಸಿ ಕುಂಯ್ ಎಂದಿತು.

ಅವತ್ತು ಬಡವರಿಗೆ ಹಣಕಾಸಿನ ಅರಿವು ಮೂಡಿಸುವ ಶಿಬಿರ. ಅರಿವು ಹೊತ್ತುಕೊಂಡು ಶಿವಮೊಗ್ಗದ ವಿದ್ಯಾನಗರದಿಂದ ಶ್ರೀನಿವಾಸಮೂರ್ತಿಗಳು ಕಾರಿನಲ್ಲಿ ಬಂದಿದ್ದರು. ದುಡ್ಡು ತೆಗೆಯುವುದು ಎಷ್ಟು ಸುಲಭವೆಂದು ತೋರಿಸಿ ಫೋಟೋ ಹೊಡೆಸಲು, ಹನ್ನೊಂದು ವರ್ಷದಿಂದ ಅಲ್ಲೇ ಕಸ ಗುಡಿಸುವವಳನ್ನು ಮುಂದೆ ನಿಲ್ಲಿಸಿದ್ದರು. ಅವಳಿಗೂ ದುಡ್ಡು ಬೇಕಾಗಿತ್ತು. ಮೂರು ತಿಂಗಳ ಸಂಬಳ ಖಾತೆಯಲ್ಲಿತ್ತು. ಮಗಳು ಇಂಪನಾಳ ಪರೀಕ್ಷೆ ಶುಲ್ಕ ಕಟ್ಟಲು ಅವತ್ತೇ ಕಡೇ ದಿನ. ಶಂಕರಘಟ್ಟದ ಯೂನಿವರ್ಸಿಟಿಯಲ್ಲಿ ನಾಲ್ಕಕ್ಕೆ ಕೌಂಟರ್ ಮುಚ್ಚುತ್ತದೆ.

“ಮಿಷಿನ್ನು ಬ್ಯಾಡ ಸಾರ್, ಚೀಟಿ ಕೊಡಿ. ಸೈನ್ ಹಾಕ್ತೀನಿ. ಮಗಳು ಕಲ್ಸಿದಾಳೆ.”

“ಖಾತೆ ಹೆಬ್ಬೆಟ್ಟಿಂದು. ಈಗ ಸರಸ್ವತಿ ಆಗ್ಬಿಟ್ರೆ ನಡಿಯುತ್ತೇನೇ? ಏನ್ ಬಂದಿದೆ ನಿನ್ ಕೈಗೆ?”

“ನಿಮ್ ಕಕ್ಕಸು ಬಂದಿದೆ ಸಾರ್. ದಿನಾ ಆಸಿಡ್ ಹಾಕಿ ತಿಕ್ತೀನಲ್ಲ, ಗೆರೆಯೆಲ್ಲ ಸವ್ದೋಗಿದೆ.”

ಜನ ನಕ್ಕರು. ಮೂರ್ತಿಗಳು ಮೂಗಿಗೆ ಕರ್ಚೀಫು ಹಿಡಿದು ಭಾಷಣ ಮುಂದುವರಿಸಿದರು: “ಉಳಿಸೋರು ಒಂದು ಕಡೆ, ಸಾಲ ಬೇಕಾದೋರು ಇನ್ನೊಂದು ಕಡೆ. ನಡುವೆ ಸೇತುವೆ ಹಾಗೆ ಬ್ಯಾಂಕು, ಸಹಕಾರ ಸಂಘ, ವಿಮೆ, ಫೈನಾನ್ಸ್ ಕಂಪನಿ. ಎಲ್ಲಾ ನಿಮಗೋಸ್ಕರ, ತಾಯಂದಿರೇ!”

ಇವರೆಲ್ಲ ಪುಟ್ಟಲಕ್ಷ್ಮಿಗೆ ನೆಂಟರಿಗಿಂತ ಹತ್ತಿರದವರು. ಫೈನಾನ್ಸಿನವರು ಬುಧವಾರ ಬುಧವಾರ ತಪ್ಪದೆ ಬಾಗಿಲಿಗೆ ಬರುತ್ತಿದ್ದರು. ಕಂತು ತಪ್ಪಿದ ವಾರ ಕುಕ್ಕರನ್ನೇ ಎತ್ತಿಕೊಂಡು ಹೋಗಿದ್ದರು. ವಿಮೆಯವರು ಹೇಳದೆ ಕೇಳದೆ ಖಾತೆಯಿಂದ ಹಣ ಮುರಿದುಕೊಂಡಿದ್ದರು. ಸಹಕಾರ ಸಂಘ ಷೇರು ಹಣ ಕಟ್ಟಿಸಿಕೊಂಡು, ಸಾಲ ಕೊಡುವ ಹೊತ್ತಿಗೆ ಬೀಗ ಜಡಿದುಕೊಂಡಿತ್ತು. ಈ ಬ್ಯಾಂಕಂತೂ ಮೆಸೇಜು ಕಳಿಸಿದ್ದಕ್ಕೂ ದುಡ್ಡು ಕೀಳುತ್ತಿತ್ತು. ತಗೊಳ್ಳುವಾಗ ಒಬ್ಬರಿಗೂ ಅವಳ ಹೆಬ್ಬೆಟ್ಟು ಬೇಕಾಗಿರಲಿಲ್ಲ. ಕೊಡುವಾಗ ಮಾತ್ರ ದೇವರೇ ಇಳಿದು ಬಂದು ಗುರುತು ಹೇಳಬೇಕು.

“ಸಾಕು, ಮಾನ ಕಳೆದೆ. ಹೋಗಿ ಟೀ ಲೋಟ ತೊಳಿ. ಫೋಟೋಗೆ ಬೇರೆ ಯಾರನ್ನಾದ್ರೂ ನಿಲ್ಸ್ರೀ!” ಎಂದು ಮ್ಯಾನೇಜರ್ ಗದರಿದ.

ಗಡಿಯಾರದಲ್ಲಿ ಮೂರೂವರೆ. ಈಗ ಬಸ್ಸು ಸಿಕ್ಕರೂ ಕೌಂಟರ್ ಸಿಗುವುದಿಲ್ಲ. ಪುಟ್ಟಲಕ್ಷ್ಮಿ ಲೋಟದ ಕಡೆ ಹೋಗಲಿಲ್ಲ. ಮೇಜಿನ ಮೇಲಿದ್ದ ಇಂಕ್ ಪ್ಯಾಡಿಗೆ ಎರಡೂ ಕೈ ಒತ್ತಿ, ನೆಟ್ಟಗೆ ಹೋಗಿ ಬಾಗಿಲ ಗಾಜಿನ ಮೇಲೆ ಹತ್ತೂ ಬೆರಳು ಊರಿದಳು. ದಿನಾ ಬೆಳಿಗ್ಗೆ ಅವಳೇ ಒರೆಸುವ ಗಾಜು ಅದು. ಹತ್ತು ನೀಲಿ ಕಲೆ ಬಿದ್ದವು, ಒಂದರಲ್ಲೂ ಗೆರೆಯಿರಲಿಲ್ಲ.

“ಏಯ್ ಮುಂಡೆ, ಒರ್ಸೇ ಅದನ್ನ!” ಮ್ಯಾನೇಜರ್ ಎದ್ದು ಬಂದ.

ಅವಳು ಅದೇ ಬಾಗಿಲು ತಳ್ಳಿ ಹೊಸ್ತಿಲಲ್ಲಿ ತಿರುಗಿ ನಿಂತಳು.

“ನೀನೇ ಒರ್ಸ್ಕೊಳೋ ಬೋಳಿಮಗನೆ. ನಿನ್ ಬೆರಳಲ್ಲಿ ಇನ್ನೂ ಗೆರೆ ಇದಾವಲ್ಲ, ಸ್ವಲ್ಪ ಸವೀಲಿ.”