ಮಾತ್ರೆ ತುಂಬುವ ಕೋಣೆ

ನನ್ನ ತಮ್ಮನನ್ನು ಬೀದಿಯವರೆಲ್ಲ ‘ಡಾಕ್ಟ್ರು’ ಅಂತ ಕರೆಯುತ್ತಾರೆ. ಓದು ಅಷ್ಟಕ್ಕಷ್ಟೇ. ಔಷಧಿ ಅಂಗಡಿಯೊಂದರಲ್ಲಿ ಕೆಲಕಾಲ ಕೌಂಟರಿನ ಹಿಂದೆ ನಿಂತಿದ್ದ. ಅಲ್ಲಿಂದ ಹೊರಬಿದ್ದ ಮೇಲೆ ಆನ್‌ಲೈನಿನಲ್ಲಿ ನಿದ್ದೆ ಮಾತ್ರೆ ಮಾರುವ ಹುಚ್ಚು ತಲೆಗೇರಿತು. ಲೈಸೆನ್ಸು ಇಲ್ಲ, ಕೊಳ್ಳುವವರ ಹತ್ತಿರ ಡಾಕ್ಟರ ಚೀಟಿ ಕೇಳುವುದೂ ಇಲ್ಲ. ಹೆಸರಿಲ್ಲದ ಡಬ್ಬಿಗಳಲ್ಲಿ ಎಲ್ಲಿಂದಲೋ ಬಿಡಿ ಮಾತ್ರೆ ತರುತ್ತಿದ್ದ. ಅಂಗಡಿಯ ಪುಟ, ಬ್ಯಾಂಕ್ ಖಾತೆ, ಫೋನ್ ನಂಬರು ಮಾತ್ರ ಎಲ್ಲ ನನ್ನ ಹೆಸರಿನಲ್ಲಿ.

“ಅಕ್ಕ, ಪೊಟ್ಟಣದ ಮೇಲೆ ಗಿಡಮೂಲಿಕೆ ಅಂತ ಹಾಕಿದ್ರೆ ಮುಗೀತು. ಯಾರೂ ನಮ್ಮ ಕೂದಲೂ ಕೊಂಕಿಸಲ್ಲ.”

“ಕೂದಲು ನಂದು ತಾನೆ, ನಿಂಗೇನೋ?” ಅಂದೆ. ಅಂದರೂ ಹಿಂದಿನ ಕೋಣೆ ಬಿಟ್ಟುಕೊಟ್ಟೆ. ಗಂಡ ಹೋದ ಮೇಲೆ ನನ್ನವನು ಅಂತ ಉಳಿದವನು ಅವನೊಬ್ಬನೇ. ಅವನ ಮುಖ ಸಪ್ಪಗಾದರೆ ನನ್ನ ಕರುಳು ಚುರುಕ್ಕೆನ್ನುತ್ತದೆ, ಏನು ಮಾಡಲಿ!

ಹಸಿರು ಗೋಡೆಯ ಕೋಣೆ ಅದು, ಕಿಟಕಿಯ ಒಂದು ಸರಳು ಬಾಗಿದೆ, ಮೂಲೆಯಲ್ಲೊಂದು ಹಳೇ ಮಂಚ. ಬಾಗಿಲಿಗೆ ಬೆನ್ನು ಹಾಕಿ ಕೂತು ನಾನು ಪೊಟ್ಟಣಗಳಿಗೆ ಮಾತ್ರೆ ತುಂಬುತ್ತಿದ್ದೆ.

ಆಗ ಕೊಂಡವರ ಸಂದೇಶಗಳು ಬರತೊಡಗಿದವು. ‘ಒಳ್ಳೆ ನಿದ್ದೆ ಬಂತು. ಕನಸಲ್ಲಿ ಹಸಿರು ಕೋಣೆ, ಒಬ್ಬ ಹೆಂಗಸು ಬೆನ್ನು ಹಾಕಿ ಕೂತಿದ್ದಳು’ ಅಂತ ಒಬ್ಬರು ಬರೆದರು. ಯಾರಿಗೋ ಕೆಲಸವಿಲ್ಲ ಅಂದುಕೊಂಡೆ. ಇನ್ನೊಂದು ಊರಿನವರು ಅದನ್ನೇ ಬರೆದರು. ಮತ್ತೊಬ್ಬರು ಬಾಗಿದ ಸರಳನ್ನೂ ಕಂಡಿದ್ದರು. ತಮ್ಮ ನಕ್ಕುಬಿಟ್ಟ. ನನಗೆ ಮೈಯೆಲ್ಲ ಜುಮ್ಮೆಂದಿತು. ಕುರ್ಚಿಯನ್ನು ಗೋಡೆಗೆ ಒರಗಿಸಿ ಬಾಗಿಲ ಕಡೆ ಮುಖ ಮಾಡಿ ಕೂತೆ. ಮರುದಿನ ಬಂದ ಸಂದೇಶ: ‘ಈ ಸಲ ಆಕೆಯ ಮುಖ ಕಂಡೆ. ಪಾಪ, ತುಂಬ ಹೆದರಿದ್ದಾಳೆ.’

ಇಷ್ಟಾದರೂ ಅಂಗಡಿ ಮುಚ್ಚಲಿಲ್ಲ. ನಮ್ಮಪ್ಪ ದಿನಸಿ ಅಂಗಡಿಯಲ್ಲಿ ತಳದ ಹಳೇ ಕಾಳನ್ನು ಹೊಸ ಮೂಟೆಗೆ ಬೆರೆಸಿ ಮಾರಿ ಮುಗಿಸುತ್ತಿದ್ದರು. ತಮ್ಮ ಮಾತ್ರೆಗೂ ಅದನ್ನೇ ಮಾಡಿದ. ಹಳೇ ಡಬ್ಬಿಯಲ್ಲಿದ್ದುದನ್ನು ಅರ್ಧದಷ್ಟು ಹೊಸ ಡಬ್ಬಿಗೆ ಸುರಿದು ಬೆರೆಸಿದ.

“ಎರಡೂ ಒಂದೇನಾ?” ಕೇಳಿದೆ.

“ಬೆಳ್ಳಗಿದೆ, ದುಂಡಗಿದೆ. ಇನ್ನೇನಕ್ಕ ಬೇಕು?”

ನಾನು ಅದನ್ನೇ ಪೊಟ್ಟಣಗಳಿಗೆ ತುಂಬಿದೆ.

ಒಂದು ಮಧ್ಯಾಹ್ನ ಔಷಧ ಇಲಾಖೆಯ ಇನ್ಸ್‌ಪೆಕ್ಟರಮ್ಮ ಸಹಾಯಕನ ಜೊತೆ ನೇರ ಆ ಕೋಣೆಗೇ ಬಂದರು. ನಮ್ಮ ಮಾತ್ರೆ ನುಂಗಿದ ಹುಡುಗಿಯೊಬ್ಬಳು ಎಚ್ಚರವೇ ಆಗದೆ ಆಸ್ಪತ್ರೆಯಲ್ಲಿ ಮಲಗಿದ್ದಾಳಂತೆ.

“ಏನು ನುಂಗಿದಾಳೆ ಅಂತ ಡಾಕ್ಟರಿಗೆ ಗೊತ್ತಾಗ್ಬೇಕು. ಗಿಡಮೂಲಿಕೆ ಅಂತ ಬರೆದ ಮಾತ್ರಕ್ಕೆ ಔಷಧಿ ಔಷಧಿ ಅಲ್ದೇ ಹೋಗುತ್ತೇನಮ್ಮ? ಲೈಸೆನ್ಸ್ ಇಲ್ದೆ ಮಾರಿದೀರ. ಹೆಸರು ನಿಮ್ಮದು, ಜೈಲಾದ್ರೂ ನಿಮಗೇ.”

ತಮ್ಮ ಮುಂದೆ ಬಂದ. “ಎಲ್ಲ ಅಕ್ಕಂದೇ ಮೇಡಂ. ನಾನು ಡಬ್ಬಿ ತಂದುಕೊಡ್ತಿದ್ದೆ ಅಷ್ಟೆ. ಇದೊಂದೇ ಥರದ ಮಾತ್ರೆ.” ಹೊಸ ಡಬ್ಬಿಯ ಮೇಲಿಂದ ಒಂದು ಮಾತ್ರೆ ಎತ್ತಿ ತೋರಿಸಿದ. ಹಳೇ ಡಬ್ಬಿಯನ್ನು ಕಾಲಿನಿಂದ ಮೆಲ್ಲಗೆ ಮಂಚದ ಕೆಳಗೆ ತಳ್ಳಿದ. ನಾನು ಕಂಡೆ. ನಾನು ಕೈಯಾರೆ ಅನ್ನ ಕಲಸಿ ತಿನ್ನಿಸಿ ಬೆಳೆಸಿದ ಹುಡುಗ! ಆದರೆ ಬಾಯಿ ಬಿಟ್ಟರೆ ಕಲಬೆರಕೆಯ ಕೇಸೂ ನನ್ನ ತಲೆಗೇ. ಬಿಡದಿದ್ದರೆ ಆಸ್ಪತ್ರೆಯಲ್ಲಿ ಒಂದೇ ವಿಷಕ್ಕೆ ಮದ್ದು ಕೊಡುತ್ತಾರೆ, ಹುಡುಗಿ ಉಳಿಯಲಿಕ್ಕಿಲ್ಲ.

ಒಂದೇ ಥರದ ಮಾತ್ರೆ ಅಂತ ತಿಳಿಸಲು ಇನ್ಸ್‌ಪೆಕ್ಟರಮ್ಮ ಆಸ್ಪತ್ರೆಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದರು. ನರ್ಸ್ ತಗ್ಗಿದ ದನಿಯಲ್ಲಿ, “ಕಣ್ಣು ಮುಚ್ಚಿಕೊಂಡೇ ಮಾತಾಡ್ತಿದಾಳೆ ಮೇಡಂ, ಕೇಳಿ,” ಅಂದಳು.

ಎಳೆಯ ದನಿಯೊಂದು ಕೇಳಿಸಿತು. “ಹಸಿರು ಗೋಡೆ... ಇವತ್ತು ಜನ ಬಂದಿದಾರೆ. ಅವನು ಕಾಲಲ್ಲಿ ಏನೋ ತಳ್ಳಿದ. ಅವಳು ನೋಡಿದ್ಲು. ಹೇಳ್ತಾ ಇಲ್ಲ.”

ತಮ್ಮನ ಮುಖ ಬಿಳಿಚಿಕೊಂಡಿತು.

“ಎರಡು ಥರ ಇದೆ ಮೇಡಂ, ಬೆರೆಸಿದೀವಿ,” ಅಂದೆ. ಮಂಡಿಯೂರಿ ಡಬ್ಬಿಯನ್ನು ಎಳೆದುಕೊಟ್ಟೆ.

“ಅಕ್ಕಾ, ಒಳಗೆ ಹೋಗೋಳು ನೀನೇ!”

“ಗೊತ್ತು ಕಣೋ. ಸುಮ್ನಿರು.”

ಸಹಾಯಕ ಎರಡರದ್ದೂ ಮಾದರಿ ತೆಗೆದುಕೊಂಡು ಬೈಕಿನಲ್ಲಿ ಆಸ್ಪತ್ರೆಗೆ ಓಡಿದ. ಇನ್ಸ್‌ಪೆಕ್ಟರಮ್ಮ ನನ್ನ ಹೇಳಿಕೆ ಬರೆದುಕೊಂಡರು, ಸಹಿ ಹಾಕಿದೆ. ಉಳಿದದ್ದನ್ನೆಲ್ಲ ಒಳಗೇ ಬಿಟ್ಟು ಕೋಣೆಗೆ ಸೀಲ್ ಹಾಕಬೇಕಂತೆ. ಎಲ್ಲರೂ ಹೊರಗೆ ಬಂದೆವು. ಅವರು ಬಾಗಿಲೆಳೆದು, ಅರಗು ಕರಗಿಸತೊಡಗಿದರು. ಫೋನ್ ಇನ್ನೂ ಕಟ್ಟಾಗಿರಲಿಲ್ಲ.

“ಬಾಗಿಲು ಹಾಕ್ಬೇಡಿ,” ಹುಡುಗಿ ಅಳುತ್ತಾ ಅಂದಳು. “ನಾನಿನ್ನೂ ಒಳಗೇ ಇದೀನಿ.”

ಇನ್ಸ್‌ಪೆಕ್ಟರಮ್ಮ ಅರಗನ್ನು ಬಾಗಿಲಿನಿಂದ ದೂರ ಹಿಡಿದರು. “ಕಾನೂನಿನ ಪ್ರಕಾರ ಸೀಲ್ ಮಾಡ್ಲೇಬೇಕಮ್ಮ,” ಅಂದರು. ಯಾರಿಗೆ ಅಂದರೋ ಅವರಿಗೇ ಗೊತ್ತಿರಲಿಲ್ಲ.

“ನೀವು ಎಲ್ಲಿಗೆ ಕರೆದ್ರೂ ಬರ್ತೀನಿ ಮೇಡಂ. ಮೊದಲು ಅವಳು ಹೊರಗೆ ಬರಲಿ,” ಅಂದೆ.

ಬಾಗಿಲನ್ನು ಪೂರ್ತಿ ತೆರೆದು ಹೊಸ್ತಿಲ ಮೇಲೆ ಕೂತೆ. ಒಳಗೆ ಯಾರೂ ಇರಲಿಲ್ಲ. ಆ ಖಾಲಿ ಕೋಣೆಗೆ ಕೈ ಚಾಚಿ, “ಬಾ ಮಗಳೇ, ಈ ಕಡೆ ಬಾ,” ಎಂದು ಕರೆಯತೊಡಗಿದೆ.